ಸಂತ ಲೂಕನ ಹಬ್ಬಕ್ಕೆ ಬಂದ ಮೇಲ್

ಅಕ್ಟೋಬರ್ 22, ಮಂಗಳವಾರ

ಇಸಿದೋರಾ ಬಂದು ಹೋದಳು. ತಿಂಗಳಿಗೊಮ್ಮೆ ಚಾಚಕ್ ಪಟ್ಟಣದಿಂದ ಬರುತ್ತಾಳೆ, ನಮ್ಮ ಕಂಪ್ಯೂಟರುಗಳ ನಾಡಿ ಹಿಡಿದು ನೋಡುತ್ತಾಳೆ, ನಮ್ಮನ್ನು ಬೈಯುತ್ತಾಳೆ, ಎರಡು ಕಾಫಿ ಕುಡಿದು ಹೊರಡುತ್ತಾಳೆ. ಈ ಸಲ ಕಿಟಕಿಯ ಜಗಳ. ಸೆಕೆ ಎಂದು ಅವಳು ತೆರೆದಳು, ನಾನು ಮುಚ್ಚಿದೆ. ಎದುರಿನ ಬಾಗಿಲೂ ತೆರೆದಿತ್ತು — ಅಡ್ಡಗಾಳಿಗೆ ಕತ್ತು ಹಿಡಿಯುವುದು ನನಗೆ, ಅವಳಿಗಲ್ಲ.

"ದೋಬ್ರಿಲಾ ಅಕ್ಕ, ಒಂದು ಗಾಳಿಗೆ ಇಷ್ಟು ಹೆದರ್ತೀರಲ್ಲ. ಇಡೀ ಕಾರ್ಖಾನೆಗೆ ಒಂದೇ ಪಾಸ್‌ವರ್ಡ್ ಇಟ್ಕೊಂಡು ಕೂತಿದೀರಿ, ಅದಕ್ಕೆ ಹೆದರಿಕೆ ಇಲ್ವಾ?"

"ಪಾಸ್‌ವರ್ಡ್‌ನಿಂದ ಯಾರಿಗೂ ಕತ್ತು ಹಿಡಿದಿಲ್ಲ ಕಣಮ್ಮ."

ಅಚ್ಚು ಕೆತ್ತುವ ತಿಹೋಮಿರ್ ನಕ್ಕುಬಿಟ್ಟ, ಕೈಯಲ್ಲಿದ್ದ ಉಳಿ ಕೆಳಗಿಡಬೇಕಾಯಿತು. ನನಗೂ ಖುಷಿಯಾಯಿತು. ಅವನನ್ನು ನಗಿಸುವುದು ಸುಲಭವಲ್ಲ.

ಪಾಸ್‌ವರ್ಡ್ ಎಂದರೆ ಸಂತ ಲೂಕನ ಹೆಸರು, ಮುಂದೆ 31. ಲೂಕ ನಮ್ಮ ಬೂಟು ಕಾರ್ಖಾನೆಯ ಯಜಮಾನ ಸ್ರೆತೆನ್‌ನ ಮನೆದೇವರು, ಹಾಗಾಗಿ ಕಾರ್ಖಾನೆಗೂ ಅವನೇ. ಹಬ್ಬ ಅಕ್ಟೋಬರ್ 31. ಮೇಲ್‌ಗೂ ಅದೇ, ಸರ್ವರ್‌ಗೂ ಅದೇ, ಬಾಗಿಲಿನ ಅಲಾರಂಗೂ ಅದೇ. ಬೇರೆ ಬೇರೆ ಇಡಿ, ಉದ್ದ ಇಡಿ, ಫೋನಿಗೆ ಇನ್ನೊಂದು ಗುಟ್ಟಿನ ಸಂಖ್ಯೆ ಬರುವಂತೆ ಮಾಡಿ ಎಂದು ಇಸಿದೋರಾ ಗೋಗರೆದಳು. ಸ್ರೆತೆನ್ ಮೀಸೆಯಲ್ಲೇ ನಕ್ಕ.

"ಲೂಕ ನಮ್ಮ ಮನೇನ ಇನ್ನೂರು ವರ್ಷದಿಂದ ಕಾಯ್ತಿದಾನೆ. ಒಂದು ಮೇಲ್ ಕಾಯೋಕಾಗಲ್ವಾ ಅವನ ಕೈಲಿ?"

ಅಕ್ಟೋಬರ್ 25, ಶುಕ್ರವಾರ

ಎಲ್ಲವನ್ನೂ ಡಿಸ್ಕ್‌ಗೆ ನಕಲು ಮಾಡಿ ಮನೆಗೆ ತಂದೆ. ಹಾಸಿಗೆ ಬಟ್ಟೆಗಳ ಕಪಾಟಿನಲ್ಲಿ, ಅಮ್ಮನ ಕಸೂತಿ ಮೇಜುವಸ್ತ್ರದ ಕೆಳಗೆ ಇಟ್ಟಿದ್ದೇನೆ. ಇಸಿದೋರಾಳ ಎಲ್ಲ ಕಟ್ಟಳೆಗಳಲ್ಲಿ ನಾನು ಪಾಲಿಸುವುದು ಇದೊಂದೇ. ಎರಡು ಡಿಸ್ಕ್ — ಒಂದು ಕಾರ್ಖಾನೆಯಲ್ಲೇ, ಇನ್ನೊಂದು ತಂತಿಯಿಂದ ದೂರ. ಅಲ್ಲಿರುವುದನ್ನು ಕೆಲಸ ಮುಗಿದ ಮೇಲೆ ಕಿತ್ತಿಡಬೇಕು, ಆದರೆ ಸ್ರೆತೆನ್‌ಗೆ ಬಗ್ಗಿದರೆ ಸೊಂಟ ನೋವು.

ನಮ್ಮ ಗಿರಾಕಿ ಕಾಲಿನಾ ಬಂದಿದ್ದಳು, ಆರನೇ ಸಲದ ಅಳತೆಗೆ. ಅವಳ ಬಲಗಾಲು ಎಡಗಾಲಿಗಿಂತ ಮೂರು ಬೆರಳು ಗಿಡ್ಡ. ನವೆಂಬರ್ 24ಕ್ಕೆ ಮದುವೆ, ಬಿಳಿ ಬೂಟು ಬೇಕು. ಆ ಭಾನುವಾರ ತಪ್ಪಿದರೆ 28ಕ್ಕೆ ಕ್ರಿಸ್ಮಸ್ ಉಪವಾಸ ಶುರು, ನಮ್ಮ ಕ್ರಿಸ್ಮಸ್ ಜನವರಿ 7ಕ್ಕೆ, ಆಮೇಲೆ ಜನವರಿಯವರೆಗೆ ಚರ್ಚ್‌ನಲ್ಲಿ ಮದುವೆಯೇ ಇಲ್ಲ.

"ದೋಬ್ರಿಲಾ ಚಿಕ್ಕಮ್ಮ, ಮದುವೆ ದಿನ ಎಲ್ಲರ ಜೊತೆ ಕೈ ಹಿಡ್ಕೊಂಡು ಕುಣೀಬೇಕು. ಇಷ್ಟು ವರ್ಷ ಗೋಡೆಗೆ ಒರಗಿ ಚಪ್ಪಾಳೆ ಹೊಡೆದಿದ್ದು ಸಾಕು."

ತಿಹೋಮಿರ್ ಅವಳ ಪಾದದ ಚಿತ್ರವನ್ನು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿದ. ಕೊನೆಯ ತಿದ್ದುಪಡಿ ಹಾಕಿದ. ಆಮೇಲೆ ಎಂದಿನ ರಾಗ: "ಮರದ್ದಾಗಿದ್ರೆ ಕೈಯಲ್ಲಿ ಹಿಡಿದು ನೋಡ್ತಿದ್ದೆ."

ನನಗೆ ಚುಚ್ಚುತ್ತದೆ ಎಂದು ಅವನಿಗೆ ಗೊತ್ತು. ಗಿರಾಕಿಗಳ ಪಾದಗಳ ಮರದ ಅಚ್ಚುಗಳು ಎರಡು ಸಾವಿರದ ಹತ್ತಿರ ಇದ್ದವು, ಅಟ್ಟದ ತುಂಬ. ಎಲ್ಲ ಅವನೇ ಕೆತ್ತಿದ್ದು. ಪಾದಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸೋಣ, ಮರ ಯಾಕೆ ಬೇಕು ಎಂದು ಸ್ರೆತೆನ್‌ನ ಕಿವಿ ಕಚ್ಚಿದವಳು ನಾನು. ಎರಡು ಚಳಿಗಾಲ ಒಲೆ ಅದರಲ್ಲೇ ಉರಿಯಿತು.

ಅಕ್ಟೋಬರ್ 31, ಗುರುವಾರ. ಸಂಜೆ ಐದು

ಹಬ್ಬ ಚೆನ್ನಾಗಿ ಆಯಿತು. ಪಾದ್ರಿ ಹತ್ತಕ್ಕೆ ಬಂದು ರೊಟ್ಟಿ ಕುಯ್ದು ಹೋದರು. ಹೊಲಿಗೆ ಮೇಜುಗಳನ್ನೆಲ್ಲ ಜೋಡಿಸಿ ಬಿಳಿ ಬಟ್ಟೆ ಹಾಸಿದ್ದೆವು. ಮನೆದೇವರ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿ ಇಲ್ಲ, ಆದರೂ ಊರೇ ಬಂದಿತ್ತು. ಯಾರೋ ಒಬ್ಬ ಎರಡು ಗಂಟೆ ಕೂತು ಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾವನ್ನು ಮೂರು ತಟ್ಟೆ ತಿಂದ. ಅವನು ಯಾರೆಂದು ನನಗೆ ಗೊತ್ತಿಲ್ಲ, ಸ್ರೆತೆನ್‌ಗೂ ಗೊತ್ತಿಲ್ಲ. ಕೇಳುವ ಹಾಗೂ ಇಲ್ಲ. ಬಂದವನು ಅತಿಥಿ, ಮುಗಿಯಿತು.

ನಡುವೆ ಮೇಲ್‌ಗಳ ಸುರಿಮಳೆ. "ಹಬ್ಬದ ಶುಭಾಶಯ, ಯಜಮಾನರೇ" ಎಂದು. ಕಾರ್ಖಾನೆಯ ಕಾಗದಪತ್ರವೆಲ್ಲ ನನ್ನ ಕೆಲಸ, ಎಲ್ಲಕ್ಕೂ ಉತ್ತರಿಸಿದೆ. ಪುನರ್ವಸತಿ ಕೇಂದ್ರದ ಡಾಕ್ಟರ್ ವುಕಾಶಿನ್ ಮೇಣದಬತ್ತಿಯ ಕಾರ್ಡ್ ಕಳಿಸಿದ್ದರು. 11:20ಕ್ಕೆ. ಸುಮ್ಮನೆ ತೆರೆಯಲಿಲ್ಲ — ಅನುಮತಿ ಕೊಡಿ ಎಂದಿತು, ಕೊಟ್ಟೆ. ಮೇಲ್‌ನ ಪಾಸ್‌ವರ್ಡ್ ಕೇಳಿತು, ಬರೆದೆ. ಆಮೇಲೆ ಬತ್ತಿ ಉರಿಯಿತು, ಚೆಂದ ಇತ್ತು. ತಿಹೋಮಿರ್ ಬೇಯಿಸಿದ ಗೋಧಿಯ ಪ್ರಸಾದ ಹಿಡಿದು ಹಿಂದೆ ನಿಂತಿದ್ದ — "ಒಂದು ಚಮಚ ತಿನ್ನೇ, ಕಂಪ್ಯೂಟರ್ ಎಲ್ಲೂ ಓಡಿ ಹೋಗಲ್ಲ."

ಕಾಲು ಬಾತಿದೆ. ಬೂಟು ಕಾರ್ಖಾನೆಯಲ್ಲಿ ಇದ್ದುಕೊಂಡು ನನ್ನದೇ ಬೂಟು ಕಚ್ಚುತ್ತದೆ.

ನವೆಂಬರ್ 4, ಸೋಮವಾರ. ಬೆಳಿಗ್ಗೆ

ಆರ್ಡರ್ ವಿಚಾರಕ್ಕೆ ಡಾಕ್ಟರಿಗೆ ಫೋನ್ ಮಾಡಿದೆ. ಕಾರ್ಡ್‌ಗೆ ಥ್ಯಾಂಕ್ಸ್ ಹೇಳಿದೆ.

"ಯಾವ ಕಾರ್ಡಮ್ಮ? ಅಯ್ಯೋ, ಈ ವರ್ಷ ಲೂಕನ ಹಬ್ಬ ಮರೆತೇಬಿಟ್ಟೆ. ಸ್ರೆತೆನ್‌ಗೆ ಹೇಳಬೇಡಿ, ಬೇಜಾರು ಮಾಡ್ಕೋತಾನೆ."

ನಕ್ಕೆ. ಫೋನ್ ಇಟ್ಟೆ. ಮೇಲ್ ಮತ್ತೆ ತೆಗೆದು ನೋಡಿದೆ. ಹೆಸರು ಡಾಕ್ಟರದು. ಹೆಸರಿನ ಹಿಂದಿರುವ ವಿಳಾಸ... ಯಾವುದೋ ಊರು-ಕೇರಿ ಇಲ್ಲದ ವಿಳಾಸ. ಅವತ್ತು ನೋಡಲೇ ಇಲ್ಲ. ಹಬ್ಬದ ದಿನ ಬಾಗಿಲಿಗೆ ಬಂದವರ ಗುರುತು ಚೀಟಿ ಯಾರು ಕೇಳುತ್ತಾರೆ?

ಮೇಲ್ ಅಳಿಸಿಹಾಕಿದೆ. ಏನೂ ಆಗಿಲ್ಲ. ನಾಲ್ಕು ದಿನವಾಯಿತು, ಆಗುವುದಿದ್ದರೆ ಆಗಿರುತ್ತಿತ್ತು.

ನವೆಂಬರ್ 7

ನಾನು ತೆರೆಯದ ಮೂರು ಮೇಲ್‌ಗಳು ತೆರೆದು ಓದಿದ ಹಾಗಿವೆ. ಸ್ರೆತೆನ್ ಓದಿರಬಹುದು. ಕೇಳಿದೆ. ಓದಿಲ್ಲವಂತೆ. ಅವನಿಗೆ ಕನ್ನಡಕ ಹುಡುಕುವುದರಲ್ಲೇ ದಿನ ಹೋಗುತ್ತದೆ.



ಪಾಸ್‌ವರ್ಡ್ ಬದಲಿಸಿದೆ. ಲೂಕನನ್ನು ತೆಗೆದು ನನ್ನ ತವರಿನ ಮನೆದೇವತೆ ಸಂತ ಪೆತ್ಕಾಳನ್ನು ಹಾಕಿದೆ, ಅವಳ ಹಬ್ಬದ ದಿನಾಂಕದ ಜೊತೆ. ಮೇಲ್‌ಗೆ ಮಾತ್ರ. ಸರ್ವರ್‌ನದು ಬದಲಿಸಿದರೆ ಎಲ್ಲರಿಗೂ ಹೇಳಬೇಕು, ಹೇಳಿದರೆ ಯಾಕೆ ಎಂದು ಕೇಳುತ್ತಾರೆ.

ಇಸಿದೋರಾಳ ನಂಬರ್ ಎರಡು ಸಲ ಒತ್ತಿದೆ. ಎರಡು ಸಲವೂ ಕಟ್ ಮಾಡಿದೆ. ಇಪ್ಪತ್ತೆಂಟು ವರ್ಷದಲ್ಲಿ ಸ್ರೆತೆನ್ ನನ್ನ ಒಂದೇ ಒಂದು ಕಾಗದವನ್ನೂ ಎರಡನೇ ಸಲ ನೋಡಿದವನಲ್ಲ. "ದೋಬ್ರಿಲಾ ನೋಡಿದ್ರೆ ದೇವರು ನೋಡಿದ ಹಾಗೆ" ಎನ್ನುತ್ತಾನೆ, ಹೊರಗಿನವರ ಮುಂದೆ ಕೂಡ. ಅದನ್ನು ಕಳೆದುಕೊಳ್ಳಲು ನನಗೆ ಧೈರ್ಯವಿಲ್ಲ. ಇಷ್ಟೇ ವಿಷಯ.

ನವೆಂಬರ್ 8, ಶುಕ್ರವಾರ

ಹೋದ ಶುಕ್ರವಾರ ಹಬ್ಬದ ಸುಸ್ತಿಗೆ ನಕಲು ಮಾಡಿರಲಿಲ್ಲ. ಇವತ್ತೂ ಮನೆಯಿಂದ ಡಿಸ್ಕ್ ಒಯ್ಯಲಿಲ್ಲ. ಮರೆತೆ ಎಂದು ಬರೆಯಬಹುದು. ಮರೆತಿರಲಿಲ್ಲ. ಅದನ್ನು ಆ ಕಂಪ್ಯೂಟರಿಗೆ ಚುಚ್ಚಲು ಮನಸ್ಸು ಬರಲಿಲ್ಲ.

ನವೆಂಬರ್ 15, ಶುಕ್ರವಾರ. ಮಧ್ಯಾಹ್ನ

ಹೋಯಿತು. ಎಲ್ಲ ಹೋಯಿತು.

ನಿನ್ನೆ ಇವತ್ತು ನನಗೆ ರಜೆ, ಹಲ್ಲು ಕೀಳಿಸಿಕೊಂಡಿದ್ದೆ. ಬುಧವಾರವೇ ಕಂಪ್ಯೂಟರ್ ಆರಿಸಿ ಬಂದಿದ್ದೆ. ಬೆಳಿಗ್ಗೆ ಏಳೂವರೆಗೆ ಸ್ರೆತೆನ್ ಫೋನ್. ಊದಿದ ಕೆನ್ನೆಯಲ್ಲೇ ಓಡಿದೆ. ತಿಹೋಮಿರ್‌ನ ಕಂಪ್ಯೂಟರ್, ಅಚ್ಚು ಕೊರೆಯುವ ಯಂತ್ರ, ಸರ್ವರ್ — ಎಲ್ಲದರ ಮೇಲೂ ಒಂದೇ ಕಪ್ಪು ಪರದೆ. ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಇಲ್ಲಿಗೆ ಬರೆಯಿರಿ. ಬಗ್ಗಲಾರದೆ ಚುಚ್ಚಿಯೇ ಬಿಟ್ಟಿದ್ದ ಆ ಡಿಸ್ಕ್‌ಗೂ ಬೀಗ.

ಸ್ರೆತೆನ್ ಕುರ್ಚಿಯಲ್ಲಿ ಕುಸಿದಿದ್ದ. "ಜನರ ಕಾಲುಗಳು ದೋಬ್ರಿಲಾ... ಅಷ್ಟೂ ಜನರ ಕಾಲುಗಳು."

ಇಸಿದೋರಾ ಫೋನಿನಲ್ಲೇ ಆಜ್ಞೆ ಹೊರಡಿಸಿದಳು. ಎಲ್ಲ ತಂತಿ ಕೀಳಿ. ಯಾವುದನ್ನೂ ಆನ್ ಮಾಡಬೇಡಿ. ಪೊಲೀಸರಿಗೆ ತಿಳಿಸಿ. ಬೀಗ ಹಾಕಿದವರಿಗೆ ದುಡ್ಡು ಕೊಡಬೇಡಿ, ಕೊಟ್ಟರೂ ಬೀಗ ತೆಗೀತಾರೆ ಅನ್ನೋ ನಂಬಿಕೆ ಇಲ್ಲ. ಆಮೇಲೆ, "ದೋಬ್ರಿಲಾ ಅಕ್ಕ, ಮನೇಲಿರೋ ಡಿಸ್ಕ್?"

"ಇದೆ. ಅಕ್ಟೋಬರ್ 25ರದು."

"ಮುತ್ತು ಕೊಡಬೇಕು ನಿಮಗೆ. ಅದನ್ನ ಮುಟ್ಟಬೇಡಿ, ಯಾವುದಕ್ಕೂ ಚುಚ್ಚಬೇಡಿ. ನಮ್ಮ ಹತ್ರ ಉಳಿದಿರೋದು ಅದೊಂದೇ."

ಎಲ್ಲರೂ ನನ್ನ ಬೆನ್ನು ತಟ್ಟಿದರು. ಎಲ್ಲಾದರೂ ಹೋಗಿ ಹುದುಗಿಕೊಳ್ಳಬೇಕು ಎನಿಸಿತು.

ನವೆಂಬರ್ 18, ಸೋಮವಾರ. ಊಟದ ಹೊತ್ತು

ಇಸಿದೋರಾ ನಿನ್ನೆಯಿಂದ ಇಲ್ಲೇ. ಎಲ್ಲವನ್ನೂ ಒರೆಸಿ ಹೊಸದಾಗಿ ಕಟ್ಟುತ್ತಿದ್ದಾಳೆ. ಬೆಳಿಗ್ಗೆ ಒಂಬತ್ತು ಮಂದಿಯನ್ನೂ ಹೊಲಿಗೆ ಮೇಜಿನ ಸುತ್ತ ಕೂರಿಸಿದಳು.

"ಯಾರನ್ನೂ ಬೈಯಲ್ಲ. ಯಾರು ಅಂತ ನನಗೆ ಬೇಡ. ಯಾವ ದಿನ, ಯಾವ ಮೇಲ್, ಯಾವ ಕಂಪ್ಯೂಟರ್ — ಅಷ್ಟು ಸಾಕು. ಕಳ್ಳ ಯಾವ ಬಾಗಿಲಿಂದ ಬಂದ ಅಂತ ಗೊತ್ತಿಲ್ದೆ ಬೀಗ ಎಲ್ಲಿಗೆ ಹಾಕ್ಲಿ?"

ಎಲ್ಲರೂ ಮೇಜು ನೋಡಿದರು. ನಾನೂ ನೋಡಿದೆ. ಬಾಯಿ ತೆರೆಯಬೇಕು ಎಂದುಕೊಂಡೆ. ಹಲ್ಲು ಕಿತ್ತ ಜಾಗ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ನೆಪ ಸಿಕ್ಕಿತು.

ಆಗ ತಿಹೋಮಿರ್ ಹೇಳಿದ: "ನಾನು ಹದಿಮೂರಕ್ಕೆ ಒಂದು ವಿಡಿಯೋ ತೆಗ್ದಿದ್ದೆ. ಆಡು ಟ್ರಾಕ್ಟರ್ ಓಡಿಸೋದು."

ಸ್ರೆತೆನ್‌ಗೆ ಸಿಟ್ಟು ನೆತ್ತಿಗೇರಿತು. "ಆಡಾ! ಒಂದು ಆಡು ನೋಡೋಕೆ ಹೋಗಿ ಎರಡು ಸಾವಿರ ಜನರ ಕಾಲು ಮುರಿದ್ಯಲ್ಲೋ! ಅಚ್ಚು ಸುಟ್ಟಿದ್ದಕ್ಕೆ ಸೇಡು ತೀರಿಸ್ಕೊಂಡ್ಯಾ? ಹೇಳು!"

"ಯಜಮಾನ್ರೇ, ಆಡು ಬಿಟ್ರೆ ನನಗೇನೂ ಗೊತ್ತಿಲ್ಲ."

ಹಾಗೆ ಹೇಳಿ ನನ್ನ ಕಡೆ ಒಮ್ಮೆ ನೋಡಿದ. ಒಮ್ಮೆ ಮಾತ್ರ. ನಾನು ಕಾಫಿ ತರಲು ಎದ್ದೆ.

ಇಸಿದೋರಾಗೆ ಸಮಾಧಾನವಾಗಿಲ್ಲ. ಆಡು ಅಷ್ಟು ದೊಡ್ಡ ಕೆಲಸ ಮಾಡಿರಲಾರದು ಎಂದು ಗೊಣಗಿದಳು. ಆದರೂ ಬರೆದುಕೊಂಡಳು. ಬೇರೆ ಯಾರೂ ಏನೂ ಹೇಳಲಿಲ್ಲವಲ್ಲ.

ನವೆಂಬರ್ 19

ತಿಹೋಮಿರ್ ಕೆಲಸ ಬಿಟ್ಟ.

ಕಾಲಿನಾ ಬಂದಿದ್ದಳು. ಎಡ ಬೂಟು ಸಿದ್ಧ, ಬಲದ್ದಕ್ಕೆ ಅಚ್ಚೇ ಇಲ್ಲ. ಕೈಯಲ್ಲೇ ಕೆತ್ತುತ್ತೇನೆ ಎಂದ ತಿಹೋಮಿರ್ — ಆರು ಸಲದ ತಿದ್ದುಪಡಿ ನೆನಪಿನಿಂದ ಬರುವುದಿಲ್ಲ, ಆದರೂ ಪ್ರಯತ್ನಿಸುತ್ತೇನೆ ಎಂದ. "ನೀನು ಇನ್ನು ಯಾವ ಕಾಲನ್ನೂ ಮುಟ್ಟಬೇಡ" ಎಂದ ಸ್ರೆತೆನ್, ಹುಡುಗಿಯ ಎದುರಿಗೇ.

ತಿಹೋಮಿರ್ ಉಳಿಗಳನ್ನು ಒಂದೊಂದಾಗಿ ಒರೆಸಿದ. ಚರ್ಮದ ಸುರುಳಿಯಲ್ಲಿ ಸುತ್ತಿದ. ಮೂವತ್ತೊಂದು ವರ್ಷದ ಉಳಿಗಳು. ನನ್ನ ಮೇಜಿನ ಪಕ್ಕದಲ್ಲೇ ಹಾದುಹೋದ. "ಕಿಟಕಿ ಮುಚ್ಕೋ ದೋಬ್ರಾ, ಗಾಳಿ ಬರ್ತಿದೆ" ಎಂದ.

ನಾನು ಕೆಟ್ಟವಳು. ಇದನ್ನು ಇಲ್ಲಾದರೂ ಬರೆದಿಡುತ್ತೇನೆ. ಕೆಟ್ಟವಳು ಮತ್ತು ಹೇಡಿ.

ನವೆಂಬರ್ 20, ಬುಧವಾರ

ಡಿಸ್ಕ್ ತಂದುಕೊಟ್ಟೆ. ಸ್ರೆತೆನ್ ಅದನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ, ಮಗುವನ್ನು ಮಲಗಿಸಿದ ಹಾಗೆ.

ನಾಳೆ ಮೂರು ಗಂಟೆಗೆ ಅದರಲ್ಲಿರುವುದನ್ನು ವಾಪಸ್ ತುಂಬಿಸುವುದು. ಹೊಸ ಸರ್ವರ್ ಸಿದ್ಧವಾಗಿದೆ. ಮಿಕ್ಕ ಕಂಪ್ಯೂಟರುಗಳನ್ನೆಲ್ಲ ಇಸಿದೋರಾ ಒರೆಸಿದ್ದಾಳೆ, ಒಂದನ್ನು ಬಿಟ್ಟು.

"ಡಿಸ್ಕ್‌ನ ದೋಬ್ರಿಲಾ ಅಕ್ಕನ ಕಂಪ್ಯೂಟರ್‌ಗೆ ಚುಚ್ಚೋಣ. ದಾಳಿ ಆದಾಗ ಅದು ಆರಿತ್ತು. ಮಿಕ್ಕಿದ್ದೆಲ್ಲ ಸುಟ್ಟುಹೋದ್ರೂ ಅದೊಂದು ಸ್ವಚ್ಛವಾಗಿದೆ. ಅಲ್ಲಿಂದ ನಕಲು ಮಾಡ್ತೀನಿ." ನನ್ನ ಕಡೆ ತಿರುಗಿದಳು. "ಸ್ವಚ್ಛ ತಾನೇ ಅಕ್ಕ? ನೀವೇನೂ ತೆರೆದಿಲ್ವಲ್ಲ?"

"ದೋಬ್ರಿಲಾನ ಕೇಳ್ತೀಯಲ್ಲಮ್ಮ!" — ಸ್ರೆತೆನ್.

ಸ್ವಚ್ಛ ಎಂದು ತಲೆಯಾಡಿಸಿದೆ.

ಅಂದರೆ ಕಳ್ಳ ಒಳಗೆ ಬಂದ ಅದೇ ಕಂಪ್ಯೂಟರಿಗೆ, ಉಳಿದಿರುವ ಒಂದೇ ಡಿಸ್ಕ್. ಅವನು ಇನ್ನೂ ಅಲ್ಲೇ ಕೂತಿದ್ದರೆ... ಚುಚ್ಚಿದ ಕೂಡಲೇ ಅದಕ್ಕೂ ಬೀಗ. ಆಮೇಲೆ ಕಾಲಿನಾಳ ಪಾದ ಇಲ್ಲ. ಯಾರ ಪಾದವೂ ಇಲ್ಲ. ಮರವೂ ಇಲ್ಲ, ಅದನ್ನು ನಾನೇ ಸುಡಿಸಿದೆ.

ಇನ್ನೂ ಕೂತಿಲ್ಲದೆಯೂ ಇರಬಹುದು. ಇರಬಹುದು, ಇರಬಹುದು. ಹದಿನಾರು ದಿನದಿಂದ ಇದೇ ಜಪ.

ನವೆಂಬರ್ 21, ಗುರುವಾರ. 11:40

ಇವತ್ತು ತಿಹೋಮಿರ್‌ನ ಮನೆದೇವರ ಹಬ್ಬ. ಸಂತ ಮಿಖಾಯಿಲ್. ಇಪ್ಪತ್ತು ವರ್ಷದಿಂದ ನಾನು ಒಂದು ಸಲವೂ ತಪ್ಪಿಸಿಲ್ಲ. ಕರೆಯುವ ಪದ್ಧತಿ ಇಲ್ಲ, ಹಾಗೆಯೇ ಬಂದವರನ್ನು ಹೊರಗೆ ನಿಲ್ಲಿಸುವ ಪದ್ಧತಿಯೂ ಇಲ್ಲ. ಎಂಥವರನ್ನೂ.

ಕಾರ್ಖಾನೆಯಿಂದ ಯಾರೂ ಹೋಗುತ್ತಿಲ್ಲ. ಸ್ರೆತೆನ್‌ಗೆ ಹೆದರಿ.

ಒಂದು ಬಾಟಲಿ ವೈನ್ ತೆಗೆದುಕೊಂಡಿದ್ದೇನೆ. ಮೂರು ಗಂಟೆಗೆ ಮುಂಚೆ ವಾಪಸ್ ಬರಬೇಕು. ಬಂದು ಏನು ಮಾಡಬೇಕೋ... ಮೊದಲು ಹೋಗುತ್ತೇನೆ.

ನವೆಂಬರ್ 22, ಶುಕ್ರವಾರ. ಬೆಳಿಗ್ಗೆ ಆರು

ನಿನ್ನೆಯದನ್ನು ಬರೆಯಬೇಕು.

ಬಾಗಿಲು ತೆರೆದವನು ತಿಹೋಮಿರ್. ಬಿಳಿ ಅಂಗಿ, ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಮುಖದಲ್ಲಿ ಆಶ್ಚರ್ಯವೂ ಇಲ್ಲ, ಮುನಿಸೂ ಇಲ್ಲ. ಪ್ರಸಾದದ ತಟ್ಟೆ ಹಿಡಿದ. ಒಂದು ಚಮಚ ಬಾಯಿಗಿಟ್ಟುಕೊಂಡೆ. ಒಳಗೆ ಅವನ ಅಕ್ಕಂದಿರು, ನೆಂಟರು, ಗದ್ದಲ. ಅವನು ಕೂರಲೇ ಇಲ್ಲ. ಮನೆ ಯಜಮಾನ ಹಬ್ಬದ ದಿನ ಕೂರುವ ಹಾಗಿಲ್ಲ, ಅತಿಥಿಗಳಿಗೆ ಬಡಿಸುತ್ತ ನಿಂತೇ ಇರಬೇಕು. ಅಡುಗೆಮನೆಗೆ ಅವನ ಹಿಂದೆ ಹೋದೆ.

"ತಿಹಾ, ಅದು ನಿನ್ನ ಆಡಲ್ಲ. ನಾನು. ಲೂಕನ ಹಬ್ಬದ ದಿನ..."

"ಮೇಣದಬತ್ತಿ ಕಾರ್ಡ್" ಎಂದ. "ಗೊತ್ತು. ತಟ್ಟೆ ಹಿಡ್ಕೊಂಡು ನಿನ್ನ ಹಿಂದೇನೇ ನಿಂತಿದ್ದೆ."

ಆಲೂಗಡ್ಡೆ ಚೀಲದ ಮೇಲೆ ಕೂತೆ.

"ಗೊತ್ತಿತ್ತಾ? ಮತ್ತೆ ಯಾಕೋ ಬಾಯಿ ಮುಚ್ಕೊಂಡಿದ್ದೆ? ಅಷ್ಟು ಬೈಸ್ಕೊಂಡ್ಯಲ್ಲೋ!"

"ನಾನೇನು ಹೇಳ್ಲಿ? ಹಬ್ಬಕ್ಕೆ ಬಂದವನಿಗೆ ನೀನು ಬಾಗಿಲು ತೆಗ್ದೆ. ನಾನಾಗಿದ್ರೂ ತೆಗೀತಿದ್ದೆ. ಅದನ್ನ ಹೋಗಿ ಯಜಮಾನನಿಗೆ ಚಾಡಿ ಹೇಳ್ಲಾ?" ಸರ್ಮಾ ಪಾತ್ರೆಯ ಮುಚ್ಚಳ ಸರಿಮಾಡಿದ. "ನೀನೇ ಹೇಳ್ತೀಯ ಅಂದ್ಕೊಂಡಿದ್ದೆ ದೋಬ್ರಾ. ಸೋಮವಾರ ಕಾದೆ. ಮಂಗಳವಾರಾನೂ ಕಾದೆ."

ಅತ್ತೆ. ಎಲ್ಲವನ್ನೂ ಹೇಳಿದೆ. ಡಾಕ್ಟರ್ ಫೋನ್, ತೆರೆದುಕೊಂಡಿದ್ದ ಮೇಲ್‌ಗಳು, ಮೂರು ಗಂಟೆಗೆ ನನ್ನ ಕಂಪ್ಯೂಟರಿಗೆ ಚುಚ್ಚಲಿರುವ ಡಿಸ್ಕ್. ಅಲ್ಲಿಯವರೆಗೆ ಶಾಂತವಾಗಿದ್ದವನು ಡಿಸ್ಕ್ ಎಂದ ಕೂಡಲೇ ತಿರುಗಿದ.

"ಯಾವ ಕಂಪ್ಯೂಟರ್‌ಗೆ ಅಂದೆ?"

"ನಂದಕ್ಕೆ."

"ಮತ್ತೆ ಇಲ್ಲಿ ಕೂತ್ಕೊಂಡು ಅಳ್ತಿದೀಯಾ? ಏಳೇ! ಆ ಹುಡುಗಿ ಕಾಲು ಅದರಲ್ಲಿದೆ!"

ಎರಡು ಗಂಟೆ ಹತ್ತು ನಿಮಿಷ. ಇಸಿದೋರಾಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸ್ರೆತೆನ್‌ಗೆ ಮಾಡಿದೆ, ಎತ್ತಿದ: "ನೀನೆಲ್ಲಿ? ಇಸಿದೋರಾ ಹಿಂದಿನ ಕೋಣೆಯಲ್ಲಿ ಗುದ್ದಾಡ್ತಿದಾಳೆ. ಮೂರು ಗಂಟೆವರೆಗೆ ಯಾಕೆ ಕಾಯ್ಬೇಕು, ನಾನೇ ಚುಚ್ತೀನಿ, ಅಷ್ಟು ಬರಲ್ವಾ ನನಗೆ?" ಬೇಡ ಎಂದು ಕಿರುಚಿದೆ. ಅಷ್ಟರಲ್ಲಿ ಇಟ್ಟುಬಿಟ್ಟಿದ್ದ. ಮತ್ತೆ ಮಾಡಿದೆ, ಸುಮ್ಮನೆ ಹೊಡೆದುಕೊಳ್ಳುತ್ತಲೇ ಇತ್ತು. ಅವನ ಫೋನ್ ಯಾವತ್ತೂ ಕೋಟಿನಲ್ಲಿ, ಕೋಟು ಯಾವತ್ತೂ ಬೇರೆ ಕೋಣೆಯಲ್ಲಿ.

ತಿಹೋಮಿರ್ ಹಬ್ಬದ ಬಿಳಿ ಅಂಗಿಯಲ್ಲೇ ಹೊರಟ. ಅವನ ಅಕ್ಕ ಬಾಗಿಲಲ್ಲಿ ಅಡ್ಡ ನಿಂತಳು. "ಎಲ್ಲಿಗೋ? ಮನೆ ತುಂಬ ಜನ, ಬತ್ತಿ ಉರೀತಿದೆ, ಯಜಮಾನ ಹೊಸ್ತಿಲು ದಾಟ್ತಾನಾ ಇವತ್ತು?"

"ಸಂತನಿಗೆ ನಾನು ಆಮೇಲೆ ಹೇಳ್ಕೋತೀನಿ. ನೀನು ಬಡಿಸು."

ಹತ್ತು ನಿಮಿಷದ ದಾರಿ, ನದಿ ಬದಿಯಲ್ಲಿ. ನಾನು ಐವತ್ತನಾಲ್ಕರವಳು, ಅವನ ಮೊಣಕಾಲು ಸರಿಯಿಲ್ಲ. ಇಬ್ಬರೂ ಓಡಿದೆವು. ಸೇತುವೆಯ ಮೇಲೆ ಯಾರೋ ನಕ್ಕರು.

ಬಾಗಿಲು ತಳ್ಳಿದಾಗ ಸ್ರೆತೆನ್ ನನ್ನ ಮೇಜಿನ ಕೆಳಗೆ ಬಗ್ಗಿದ್ದ. ಹೌದು, ಆ ಸೊಂಟದಲ್ಲೇ ಬಗ್ಗಿದ್ದ. ಕಂಪ್ಯೂಟರ್ ಆನ್ ಆಗಿತ್ತು. ಒಂದು ಕೈಯಲ್ಲಿ ಡಿಸ್ಕ್, ಇನ್ನೊಂದರಲ್ಲಿ ತಂತಿಯ ತುದಿ. ತೂತು ಹುಡುಕುತ್ತಿದ್ದ, ಕನ್ನಡಕ ಇರಲಿಲ್ಲ. ದೇವರು ದೊಡ್ಡವನು, ಆ ಕನ್ನಡಕವನ್ನು ಅವನು ಯಾವತ್ತೂ ಸರಿಯಾದ ಕಡೆ ಇಟ್ಟಿಲ್ಲ.

ಗೋಡೆಯಲ್ಲಿದ್ದ ಪ್ಲಗ್ ಹಿಡಿದು ಎಳೆದೆ. ಪರದೆ ಕಪ್ಪಾಯಿತು.

"ನಿನಗೇನು ತಲೆಗಿಲೆ ಕೆಟ್ಟಿದೆಯೇನೇ?"

ಸದ್ದಿಗೆ ಇಸಿದೋರಾ ಓಡಿಬಂದಳು. ಹೊಲಿಗೆಯವರೂ ಬಂದರು. ಒಳ್ಳೆಯದೇ ಆಯಿತು, ಒಂದೇ ಸಲಕ್ಕೆ ಮುಗಿಯಿತು.

"ಅಕ್ಟೋಬರ್ 31" ಎಂದೆ. "11:20. ಹಬ್ಬದ ಕಾರ್ಡ್. ಡಾಕ್ಟರ್ ಹೆಸರಲ್ಲಿ ಬಂದಿತ್ತು, ಅವರು ಕಳಿಸಿರ್ಲಿಲ್ಲ. ಅನುಮತಿ ಕೊಟ್ಟೆ. ಪಾಸ್‌ವರ್ಡೂ ಕೊಟ್ಟೆ. ಈ ಕಂಪ್ಯೂಟರ್‌ನಲ್ಲೇ. ತಿಹೋಮಿರ್ ಏನೂ ಮಾಡಿಲ್ಲ. ನಾಲ್ಕನೇ ತಾರೀಖಿಗೇ ನನಗೆ ಗೊತ್ತಾಯ್ತು, ಹೇಳ್ಲಿಲ್ಲ. ಸೋಮವಾರ ಕೇಳಿದಾಗ್ಲೂ ಹೇಳ್ಲಿಲ್ಲ. ನಿನ್ನೆ ನಿಮ್ಮ ಮುಖ ನೋಡ್ಕೊಂಡೇ ಸುಳ್ಳು ಹೇಳ್ದೆ."

ಇಸಿದೋರಾ ಮೊದಲು ಡಿಸ್ಕನ್ನು ಸ್ರೆತೆನ್‌ನ ಕೈಯಿಂದ ಬಿಡಿಸಿಕೊಂಡಳು. ಆಮೇಲೆ ನನ್ನ ಕಂಪ್ಯೂಟರನ್ನು ಹಿಂದಿನ ಕೋಣೆಗೆ ಒಯ್ದಳು. ನಲವತ್ತು ನಿಮಿಷ. ಕಾಫಿ ಮಾಡಲು ಕೂಡ ಯಾರೂ ಏಳಲಿಲ್ಲ.

ಹೊರಗೆ ಬಂದಳು. "ಇಲ್ಲೇ ಕೂತಿದಾನೆ. ನಿಮ್ಮ ಹಬ್ಬಕ್ಕೆ ಬಂದ ಅತಿಥಿ ಇನ್ನೂ ಎದ್ದು ಹೋಗಿಲ್ಲ. ಚುಚ್ಚಿದ್ರೆ ಡಿಸ್ಕ್ ಮುಗೀತಿತ್ತು." ಕುರ್ಚಿ ಎಳೆದು ಕೂತಳು. "ತಪ್ಪು ನಂದೂ ಇದೆ. ಯಾರ ಮಾತೂ ನಂಬದೆ ಎಲ್ಲಾನೂ ಒರೆಸ್ಬೇಕಿತ್ತು. ಡಿಸ್ಕ್ 25ರದು, ಇವನು ಬಂದಿದ್ದು 31ಕ್ಕೆ. ಆ ಡಿಸ್ಕ್‌ಗೆ ಏನೂ ಆಗಿಲ್ಲ. ಇದನ್ನೂ ಒರೆಸಿ ನಾಳೆ ಬೆಳಿಗ್ಗೆ ಕೊಡ್ತೀನಿ ನಿಮ್ಮ ಕಾಲುಗಳನ್ನ."

ಸ್ರೆತೆನ್ ನನ್ನನ್ನು ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಿಹೋಮಿರ್‌ನ ಕಡೆ ತಿರುಗಿದ. ಬೆವರಿಗೆ ಅಂಟಿದ ಬಿಳಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ.

"ಇವತ್ತು ನಿಮ್ಮನೆ ಹಬ್ಬ ಅಲ್ವೇನೋ? ಇಲ್ಲೇನು ಮಾಡ್ತಿದೀಯಾ?"

"ನಿಮ್ಮನ್ನ ಕರೆಯೋಕೆ ಬಂದೆ."

"ಹಬ್ಬಕ್ಕೆ ಯಾರನ್ನೂ ಕರೆಯೋ ಪದ್ಧತಿ ಇಲ್ಲ" ಎಂದ ಸ್ರೆತೆನ್. ಬೇರೆ ಕೋಣೆಗೆ ಹೋಗಿ ಕೋಟು ಹಾಕಿಕೊಂಡು ಬಂದ.

ಇಬ್ಬರೂ ಹೋದರು. ಕಿಟಕಿಯಿಂದ ನೋಡಿದೆ. ಸೇತುವೆಯವರೆಗೂ ಪಕ್ಕಪಕ್ಕದಲ್ಲೇ ನಡೆದರು. ನನ್ನನ್ನು ಯಾರೂ ಕರೆಯಲಿಲ್ಲ, ನಾನು ಆಗಲೇ ಹೋಗಿ ಬಂದಿದ್ದೆನಲ್ಲ.

ನವೆಂಬರ್ 23

ಪಾದಗಳು ವಾಪಸ್ ಬಂದಿವೆ. ತಿಹೋಮಿರ್‌ನ ಉಳಿಗಳೂ. ನಿನ್ನೆ ಅಚ್ಚು ಕೊರೆದರು, ಇವತ್ತು ಸಂಜೆ ನಾಲ್ಕಕ್ಕೆ ಕಾಲಿನಾ ಬೂಟು ತೊಟ್ಟು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದಳು. ಸ್ವಲ್ಪವೂ ವಾಲಲಿಲ್ಲ. ನನ್ನನ್ನು ತಬ್ಬಿಕೊಂಡು ಥ್ಯಾಂಕ್ಸ್ ಹೇಳಿದಳು. ನನಗೆ ಯಾಕೆ ಹೇಳಬಾರದು ಎಂದು ಅವಳಿಗೆ ಯಾರೂ ಹೇಳಿಲ್ಲ.

ಸ್ರೆತೆನ್ ನನ್ನ ಜೊತೆ ಮಾತಾಡುತ್ತಿಲ್ಲ. ಕೆಲಸ ಬಿಡು ಎಂದೂ ಹೇಳಿಲ್ಲ. ಇವತ್ತು ಒಂದು ಕಾಗದ ಕೊಟ್ಟೆ. ತೆಗೆದುಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, ಮೊದಲಿಂದ ಕೊನೆಯವರೆಗೆ ಓದಿದ.

ನವೆಂಬರ್ 24, ಭಾನುವಾರ. ಬೆಳಿಗ್ಗೆ ಹತ್ತು

ಹನ್ನೊಂದಕ್ಕೆ ಚರ್ಚ್‌ನಲ್ಲಿ ಮದುವೆ. ಅದಕ್ಕೆ ಮುಂಚೆ ಇದೊಂದು ಬರೆದು ಮುಗಿಸಬೇಕು. ಇಸಿದೋರಾ ಹೋಗುವಾಗ ಹೇಳಿದ್ದು — ಗೋಡೆಯ ಮೇಲೆ ಅವಳು ಅಂಟಿಸಿದ ಹದಿನಾಲ್ಕು ಸೂತ್ರಗಳನ್ನು ಇಷ್ಟು ವರ್ಷ ಯಾರೂ ಓದಿಲ್ಲ. "ಈ ಸಲ ನೀವು ಬರೀರಿ ಅಕ್ಕ. ನಿಮ್ಮದಾದ್ರೆ ಓದ್ತಾರೆ." ಇಲ್ಲೇ ಕರಡು ಮಾಡುತ್ತೇನೆ.

ಎಲ್ಲರಿಗೂ.

ಸಂತರ ಹೆಸರು ಪಾಸ್‌ವರ್ಡ್ ಆಗಬಾರದು. ಯಾರ ಮನೆದೇವರು ಯಾರೆಂದು ನಮ್ಮ ವಾಲ್ಯೆವೊ ಊರಿಗೆಲ್ಲ ಗೊತ್ತು. ಪೆತ್ಕಾಳೂ ಬೇಡ. ಒಂದೊಂದಕ್ಕೂ ಬೇರೆ, ಉದ್ದನೆಯದು. ಫೋನಿಗೆ ಬರುವ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ, ನನಗೂ.

ಮೇಲ್‌ನಲ್ಲಿ ಹೆಸರು ನೋಡಿ ನಂಬಬೇಡಿ, ಹಿಂದಿನ ವಿಳಾಸ ನೋಡಿ. ಅನುಮಾನ ಬಂದರೆ ಫೋನ್ ಮಾಡಿ ಕೇಳಿ — ಮೇಲ್‌ನಲ್ಲಿ ಬರೆದ ನಂಬರಿಗಲ್ಲ, ನಮ್ಮ ಹಸಿರು ಫೋನ್ ಪುಸ್ತಕದಲ್ಲಿರುವ ನಂಬರಿಗೆ. ಅವರಿಗೆ ಬೇಜಾರಾದರೆ ಆಗಲಿ.

ಶುಭಾಶಯ ಹೇಳಲು ಬಂದವರು ಮನೆಯ ಕೀಲಿ ಕೇಳುವುದಿಲ್ಲ. ಪಾಸ್‌ವರ್ಡ್ ಕೇಳುವ ಕಾರ್ಡ್ ಕಾರ್ಡಲ್ಲ. ಹಬ್ಬವಿದ್ದರೂ ಅಲ್ಲ.

ಶುಕ್ರವಾರದ ಡಿಸ್ಕ್ ಮನೆಗೆ ಹೋಗಬೇಕು. ಇನ್ನೊಂದನ್ನು ಕೆಲಸ ಮುಗಿದ ಮೇಲೆ ಕೀಳಬೇಕು. ಯಜಮಾನರಿಗೆ ಬಗ್ಗಲು ಆಗದಿದ್ದರೆ ನನ್ನನ್ನು ಕೂಗಲಿ. ಕೂಗಿದರೆ ಸಂತೋಷ.

ತಪ್ಪಿ ಏನಾದರೂ ಒತ್ತಿದರೆ ಆ ಕ್ಷಣವೇ ಎದ್ದು ಹೇಳಿ. ಯಾರೂ ಬೈಯುವುದಿಲ್ಲ... ಇಲ್ಲ, ಸುಳ್ಳು, ಸ್ರೆತೆನ್ ಬೈಯುತ್ತಾನೆ. ಆದರೂ ಹೇಳಿ. ಅದೇ ದಿನ. ನಿಮ್ಮ ಬದಲು ಇನ್ನೊಬ್ಬರು ಬೈಸಿಕೊಳ್ಳುವ ಮೊದಲು. ನಾನು ಹದಿನೇಳು ದಿನ ಬಾಯಿ ಮುಚ್ಚಿಕೊಂಡೆ, ಬೈಸಿಕೊಂಡವನು ತಿಹೋಮಿರ್. ಮಿಕ್ಕಿದ್ದು ಮದುವೆಯಿಂದ ಬಂದ ಮೇಲೆ.